ನಮ್ಮ ಹುಣಸೆ ಮರದ ಬಾಣಂತಿಯರು

ನಮ್ಮೂರಿಗೆ ಹೊಸದಾಗಿ ಬರುವವರು ಮೊದಲು ಮೂಗಿಗೆ ಸೆರಗು ಹಿಡಿಯುತ್ತಾರೆ, ಆಮೇಲೆ ತಲೆ ಎತ್ತಿ ನೋಡುತ್ತಾರೆ. ನಾನೂ ಹಾಗೇ ಬಂದವಳು. 1999ರ ಏಪ್ರಿಲ್ ತಿಂಗಳು. ಚನ್ನಪಟ್ಟಣದಲ್ಲಿ ಮದುವೆ ಮುಗಿಸಿಕೊಂಡು ಗಂಡನ ಮನೆ ಮುಂದೆ ವ್ಯಾನಿನಿಂದ ಇಳಿದೆ. ಅತ್ತೆ ಆರತಿ ತಟ್ಟೆ ಹಿಡಿದು ಹೊಸಿಲ ಮೇಲೆ ನಿಂತಿದ್ದರು. ಇನ್ನೇನು ಸೇರಕ್ಕಿ ಒದೆಯಬೇಕು, ಅಷ್ಟರಲ್ಲಿ ಮೇಲಿಂದ ಏನೋ ಬೆಚ್ಚಗೆ, ಸುಣ್ಣದ ನೀರಿನ ಹಾಗೆ, ಧಾರೆ ಸೀರೆಯ ಹೆಗಲ ಮೇಲೆ ಬಿತ್ತು. ನನಗೆ ಅಳುವೇ ಬಂದುಬಿಟ್ಟಿತು. ಅತ್ತೆ ಮಾತ್ರ ನಗುತ್ತಾ, "ಬಿಡವ್ವ, ನಿನ್ನ ನಾದಿನೀರು ಆಶೀರ್ವಾದ ಮಾಡವ್ರೆ" ಅಂದರು.

ನಾದಿನಿಯರು ಅಂದರೆ ಯಾರು ಎಂದು ತಲೆ ಎತ್ತಿದೆ. ಮನೆಯ ಪಕ್ಕದ ಹುಣಸೆ ಮರದ ತುಂಬಾ ಆಳೆತ್ತರದ ಹಕ್ಕಿಗಳು!

ನಮ್ಮದು ಕೊಕ್ಕರೆ ಬೆಳ್ಳೂರು. ಮಂಡ್ಯ ಜಿಲ್ಲೆ, ಮದ್ದೂರು ತಾಲೂಕು. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ರುದ್ರಾಕ್ಷಿಪುರದ ಹತ್ತಿರ ಒಳಕ್ಕೆ ತಿರುಗಿದರೆ ಸಿಗುವ ಊರು. ಹಕ್ಕಿಗಳಿಂದಲೇ ಊರಿನ ಹೆಸರಿಗೆ ಕೊಕ್ಕರೆ ಸೇರಿಕೊಂಡದ್ದು. ಬರುವ ಹಕ್ಕಿಗಳಲ್ಲಿ ಎರಡು ಮುಖ್ಯ. ಒಂದು ಬಣ್ಣದ ಕೊಕ್ಕರೆ. ಹಳದಿ ಕೊಕ್ಕು, ಕಿತ್ತಳೆ ಬಣ್ಣದ ಮುಖ, ಬಾಲದ ಕಡೆ ಗುಲಾಬಿ ಗರಿ. ಕುಂಕುಮದ ಕೈ ಒರೆಸಿಕೊಂಡ ಹಾಗೆ ಕಾಣುತ್ತದೆ. ಇನ್ನೊಂದು ಹೆಜ್ಜಾರ್ಲೆ. ಬೂದು ಬಣ್ಣ, ಉದ್ದ ಕೊಕ್ಕು, ಕೊಕ್ಕಿನ ಕೆಳಗೆ ಜೋಳಿಗೆ. ಮಳೆಗಾಲ ಮುಗಿದ ಮೇಲೆ ಒಂದೊಂದೇ ಬರಲು ಶುರುವಾಗುತ್ತವೆ. ಗೂಡು ಕಟ್ಟಿ, ಮೊಟ್ಟೆ ಇಟ್ಟು, ಮರಿ ದೊಡ್ಡದು ಮಾಡಿಕೊಂಡು, ಮುಂಗಾರು ಹಿಡಿಯುವ ಹೊತ್ತಿಗೆ ಹೊರಟು ಹೋಗುತ್ತವೆ.

ಕಾಡಿನಲ್ಲಿ, ಕೆರೆಯ ನಡುಗಡ್ಡೆಯಲ್ಲಿ ಹಕ್ಕಿ ಗೂಡು ಕಟ್ಟುವುದು ಸಹಜ. ಇಲ್ಲಿ ಹಾಗಲ್ಲ. ಮನೆ ಮುಂದೆ, ಕೊಟ್ಟಿಗೆ ಮೇಲೆ, ಬೀದಿ ಮಧ್ಯದ ಮರದಲ್ಲಿ. ಕೆಳಗೆ ಗಾಡಿ ಹೋಗುತ್ತಿರುತ್ತದೆ, ಹೆಂಗಸರು ಪಾತ್ರೆ ತಿಕ್ಕುತ್ತಿರುತ್ತಾರೆ, ಮೇಲೆ ಅವುಗಳ ಸಂಸಾರ. ಹಿಂದೆ ಊರು ಶಿಂಷಾ ನದಿಯ ದಡಕ್ಕೆ ಹತ್ತಿರ ಇತ್ತಂತೆ. ಸುಮಾರು ನೂರು ವರ್ಷದ ಹಿಂದೆ ಪ್ಲೇಗ್ ಬಂದು ಜನ ಈ ಜಾಗಕ್ಕೆ ಬಂದು ಮನೆ ಕಟ್ಟಿಕೊಂಡರು, ಹಕ್ಕಿಗಳೂ ಅವರ ಹಿಂದೆಯೇ ಬಂದವು ಎಂದು ಹಿರಿಯರು ಹೇಳುತ್ತಾರೆ. ಅವು ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳು ಎಂಬುದು ಊರಿನ ನಂಬಿಕೆ. ಹೀಗಾಗಿ ಯಾರೂ ಕಲ್ಲು ಬೀಸುವುದಿಲ್ಲ.

ಕೇಳಲು ಎಷ್ಟು ಚೆಂದ, ಅಲ್ಲವೇ? ಸಂಸಾರ ಮಾಡುವವಳಿಗೆ ಗೊತ್ತು ಅದರ ಕಷ್ಟ! ಒಗೆದ ಬಟ್ಟೆ ಹಿತ್ತಲಲ್ಲಿ ಹರವುವಂತಿಲ್ಲ. ಬೇಸಿಗೆ ಬಂದರೆ ನೀವೆಲ್ಲ ಹಪ್ಪಳ, ಸಂಡಿಗೆ ಒಣಗಿಸುತ್ತೀರಿ. ನಾನು ಒಂದು ವರ್ಷ ಹಟ ಹಿಡಿದು ಐದು ಸೇರು ಅಕ್ಕಿಯ ಅರಳು ಸಂಡಿಗೆ ಇಟ್ಟೆ. ಮಧ್ಯಾಹ್ನ ಹೋಗಿ ನೋಡಿದರೆ ಅದರ ಮಧ್ಯೆ ಅರ್ಧ ಜೀರ್ಣವಾದ ಮೀನು ಬಿದ್ದಿದೆ. ಮೇಲಿಂದ ತಾಯಿ ಮರಿಗೆ ಕಕ್ಕಿ ಉಣಿಸುವಾಗ ಜಾರಿದ್ದು. ಸಂಡಿಗೆಯನ್ನೆಲ್ಲ ತಿಪ್ಪೆಗೆ ಸುರಿದೆ. ಅವತ್ತು ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ.

ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಹುಣಸೆ ಹಣ್ಣು. ಹುಣಸೆ ಬಲಿತು ಉದುರುವ ಕಾಲವೂ, ಮರದಲ್ಲಿ ಮರಿಗಳಿರುವ ಕಾಲವೂ ಒಂದೇ. ಮರ ಹತ್ತಿ ಜಾಡಿಸಿದರೆ ಗೂಡು ಬೀಳುತ್ತದೆ. ಹಾಗಾಗಿ ಗೂಡಿರುವ ಮರದ ಹಣ್ಣನ್ನು ಯಾರೂ ಬಡಿಯುವುದಿಲ್ಲ. ಮನೆ ಪಕ್ಕದಲ್ಲಿ ಎರಡಾಳು ತಬ್ಬುವಂಥ ಹುಣಸೆ ಮರ ಇಟ್ಟುಕೊಂಡು, ನಾನು ಸಂತೆಯಲ್ಲಿ ದುಡ್ಡು ಕೊಟ್ಟು ಹುಣಸೆ ಹಣ್ಣು ತರುತ್ತಿದ್ದೆ! ಚನ್ನಪಟ್ಟಣದ ನನ್ನ ಗೆಳತಿಯರಿಗೆ ಹೇಳಿದರೆ ನಗುತ್ತಿದ್ದರು. ಗೂಡಿರುವ ಮರದ ಯಜಮಾನರಿಗೆ ಅರಣ್ಯ ಇಲಾಖೆಯಿಂದ ವರ್ಷಕ್ಕಿಷ್ಟು ಎಂದು ಪರಿಹಾರ ಬರುತ್ತದೆ. ಆದರೆ ಅದು ಬರುವುದು ಯಜಮಾನರ ಕೈಗೆ. ಹಣ್ಣು ಕುಟ್ಟಿ, ಬೀಜ ತೆಗೆದು, ಉಪ್ಪು ಹಾಕಿ ಮಡಕೆಯಲ್ಲಿ ತುಂಬಿಟ್ಟು, ಮಿಕ್ಕಿದ್ದು ಮಾರಿ ಬರುವ ಪುಡಿಗಾಸು ಹೆಂಗಸರದ್ದು. ಇದು ನನ್ನ ಲೆಕ್ಕ.

ಅತ್ತೆಯ ಲೆಕ್ಕ ಬೇರೆ ಇತ್ತು. ಕೆರೆಯ ಗೋಡು ತರಿಸಿ ಮರದ ಬುಡಕ್ಕೆ ಹರವಿಸುತ್ತಿದ್ದರು. ನಾಲ್ಕೈದು ತಿಂಗಳು ಹಕ್ಕಿಯ ಹಿಕ್ಕೆ ಅದರ ಮೇಲೆ ಬಿದ್ದೂ ಬಿದ್ದೂ ಒಳ್ಳೇ ಗೊಬ್ಬರವಾಗುತ್ತಿತ್ತು. "ಸುಮ್ನೆ ಉಂಡು ಹೋಗಲ್ಲ ಕಣವ್ವ ನಮ್ಮ ಹೆಣ್ಮಕ್ಳು, ಕೊಟ್ಟೇ ಹೋಗ್ತವೆ" ಎನ್ನುತ್ತಿದ್ದರು. ರಾಗಿ ಹೊಲಕ್ಕೆ ಆ ಗೊಬ್ಬರ ಬಿದ್ದ ವರ್ಷ ತೆನೆ ನೋಡಬೇಕಿತ್ತು.

ಇನ್ನೊಂದು ಮಾತು ಹೇಳಬೇಕು. ನನ್ನ ತಾಯಿ ನನ್ನ ಮದುವೆಗೆ ಎರಡು ವರ್ಷ ಮುಂಚೆಯೇ ತೀರಿಕೊಂಡಿದ್ದರು. 2001ರ ಫೆಬ್ರವರಿಯಲ್ಲಿ ನನಗೆ ಮೊದಲ ಹೆರಿಗೆ. ತವರಿನಲ್ಲಿ ಬಾಣಂತನ ಮಾಡುವವರಿಲ್ಲ. ಅಣ್ಣನ ಹೆಂಡತಿ ತಾನೇ ಎಳೆ ಮಗುವಿನ ತಾಯಿ. ಏಳನೇ ತಿಂಗಳಲ್ಲಿ ಸೀಮಂತಕ್ಕೆ ಬಂದ ಅಣ್ಣ ಬಾಯಿ ಬಿಟ್ಟು ಹೇಳಲಿಲ್ಲ, ತಲೆ ತಗ್ಗಿಸಿಕೊಂಡು ಕುಳಿತಿದ್ದ. ಅತ್ತೆಯೇ, "ಮರದ ಮೇಲೆ ಅಷ್ಟೊಂದು ಜನಕ್ಕೆ ಆಯ್ತದಂತೆ, ಕೆಳಗೆ ಒಬ್ಳಿಗೆ ಆಗಾಕಿಲ್ವಾ? ಇಲ್ಲೇ ಇರ್ಲಿ" ಎಂದರು.

ಹೀಗೆ ಗಂಡನ ಮನೆಯ ಕೋಣೆಯಲ್ಲೇ ನನ್ನ ಬಾಣಂತನ ಆಯಿತು. ಕಿಟಕಿಯ ಆಚೆ ಮರ. ದೊಡ್ಡ ಕೊಕ್ಕರೆಗಳಿಗೆ ಗಂಟಲೇ ಇಲ್ಲವೇನೋ ಎನ್ನುವಷ್ಟು ಮೌನ, ಕೊಕ್ಕಿನಿಂದ ಟಕಟಕ ಸದ್ದು ಮಾಡುವುದಷ್ಟೇ. ಮರಿಗಳದ್ದು ಮಾತ್ರ ಬೆಳಗಿನಿಂದ ರಾತ್ರಿವರೆಗೆ ಒಂದೇ ಗಲಾಟೆ. ಎದ್ದು ಓಡಾಡುವಂತಿಲ್ಲ, ಓದಲು ಕೂಡದು, ಟಿ.ವಿ. ಇಲ್ಲ. ಬೇರೆ ದಾರಿಯಿಲ್ಲದೆ ಮರವನ್ನೇ ನೋಡುತ್ತಾ ಮಲಗಿದೆ. ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಕೊಕ್ಕರೆಯೊಂದು ಎರಡೂ ರೆಕ್ಕೆ ಅಗಲಿಸಿ, ಮರಿಗಳ ಮೇಲೆ ಕೊಡೆಯ ಹಾಗೆ ಹಿಡಿದು ನಿಲ್ಲುತ್ತಿತ್ತು. ಒಂದು ಗಂಟೆ, ಎರಡು ಗಂಟೆ. ಇನ್ನೊಂದು ಬಂದ ಮೇಲೆ ಇದು ಹೋಗುತ್ತಿತ್ತು. ಗಂಡು ಹೆಣ್ಣು ಎರಡೂ ಸರದಿಯ ಮೇಲೆ ಮರಿ ಕಾಯುತ್ತವೆ ಎಂಬುದನ್ನು ನಾನು ಯಾವ ಪುಸ್ತಕದಲ್ಲೂ ಓದಲಿಲ್ಲ, ಬಾಣಂತಿ ಕೋಣೆಯಲ್ಲಿ ಕಂಡೆ. ನಮ್ಮ ಯಜಮಾನರಿಗೂ ತೋರಿಸಿದೆ. ಅವರು ನೋಡಿ ನಕ್ಕು ಅಂಗಡಿಗೆ ಹೋದರು, ಆ ಮಾತು ಬಿಡಿ.

ಹೆಜ್ಜಾರ್ಲೆ ಮರಿ ಉಣ್ಣುವುದು ನೋಡಿದರೆ ಭಯವಾಗುತ್ತದೆ. ತಾಯಿಯ ಜೋಳಿಗೆಯೊಳಗೆ ತಲೆಯನ್ನೇ ತೂರಿಸಿಬಿಡುತ್ತದೆ. ನುಂಗಿಬಿಟ್ಟಳೇನೋ ಎಂದು ಮೊದಲ ದಿನ ನಾನು ಕೂಗಿಕೊಂಡಿದ್ದೆ.

ಊರಿನಲ್ಲಿ 'ಹೆಜ್ಜಾರ್ಲೆ ಬಳಗ' ಎಂದು ಹುಡುಗರದ್ದೊಂದು ಗುಂಪಿದೆ. 1990ರ ದಶಕದಲ್ಲಿ ಮೈಸೂರಿನಿಂದ 'ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್' ಎಂಬ ಹವ್ಯಾಸಿಗಳ ತಂಡ ನಮ್ಮೂರಿಗೆ ಬಂದು ಕೆಲಸ ಶುರು ಮಾಡಿದಾಗ ಅವರ ಜೊತೆ ಸೇರಿ ಬೆಳೆದ ಬಳಗ ಅದು. ಅದಕ್ಕೂ ಮುಂಚೆ, 1976ರಲ್ಲಿ, ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಇಲ್ಲಿಯ ಹಕ್ಕಿಗಳನ್ನು ಕಂಡು ಹೊರಗಿನ ಲೋಕಕ್ಕೆ ತಿಳಿಸಿದ್ದರು. ಹವ್ಯಾಸಿ ಎಂದರೆ ಸಂಬಳವಿಲ್ಲದ ಕೆಲಸ. ನಮ್ಮ ಬಳಗದ ಹುಡುಗರು ಹೊಲದ ಕೆಲಸ, ಕಾಲೇಜು, ಹಾಲಿನ ಡೈರಿ ಎಲ್ಲ ನೋಡಿಕೊಂಡು, ಮಿಕ್ಕಿದ ಹೊತ್ತಿನಲ್ಲಿ ಗೂಡು ಎಣಿಸುತ್ತಾರೆ, ಬಿದ್ದ ಮರಿ ಸಾಕುತ್ತಾರೆ, ಸಸಿ ನೆಡುತ್ತಾರೆ. "ಕೆಲಸವಿಲ್ಲದ ಹುಡುಗರು" ಎಂದು ನಾನೂ ಅಂದವಳೇ.

2003ರಲ್ಲಿ, ಮಾರ್ಚ್ ಕೊನೆ ಇರಬೇಕು, ಒಂದು ಸಂಜೆ ಗಾಳಿ ಬೀಸಿ ಹಿತ್ತಲಲ್ಲಿ ದೊಪ್ಪೆಂದು ಏನೋ ಬಿತ್ತು. ನೋಡಿದರೆ ಹೆಜ್ಜಾರ್ಲೆ ಮರಿ. ಕೋಳಿಗಿಂತ ದೊಡ್ಡದು, ಮೈಮೇಲೆ ಬಿಳಿ ತುಪ್ಪಳು, ಏಳಲಾಗದೆ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು. ನಾಯಿ ಆಗಲೇ ಬೇಲಿ ದಾಟಿತ್ತು. ತಾಯಿ ಇಳಿದು ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಕೆಳಗೆ ಬಿದ್ದ ಮರಿಯನ್ನು ಅವು ಇಳಿದು ಸಾಕುವುದಿಲ್ಲ, ಎತ್ತಿಕೊಂಡು ಹೋಗಲು ಅವಕ್ಕೆ ಕೈಯಿಲ್ಲ. ನಾಯಿಯನ್ನು ಓಡಿಸಿ, ಮಂಕರಿ ಕವುಚಿ ಹಾಕಿ, ಎರಡು ವರ್ಷದ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಳಗದ ಹುಡುಗರನ್ನು ಹುಡುಕಿಕೊಂಡು ಹೋದೆ. ಆ ಹುಡುಗರನ್ನು ನಾನಾಗಿ ಮಾತಾಡಿಸಿದ್ದು ಅವತ್ತೇ ಮೊದಲು.

ಅವರು ಬಂದು ಎಷ್ಟು ನಯವಾಗಿ ಎತ್ತಿಕೊಂಡರು ಗೊತ್ತೇ! ಒಂದು ಕೈ ರೆಕ್ಕೆಗೆ, ಒಂದು ಕೈ ಕೊಕ್ಕಿಗೆ. ಬಾಯಿಗೆ ನೀರು ಹಾಕಲು ಹೋದ ನನ್ನನ್ನು, "ಬೇಡಕ್ಕ, ನೆತ್ತಿಗೆ ಹತ್ತಿ ಸತ್ತೋಗ್ತದೆ" ಎಂದು ತಡೆದರು. ಬಿದ್ದ ಮರಿಗಳಿಗೆಂದೇ ಬಲೆ ಕಟ್ಟಿದ ಒಂದು ಆವರಣ ಇತ್ತು. ಅಲ್ಲಿ ಆಗಲೇ ಆರೇಳು ಮರಿಗಳಿದ್ದವು. ದಿನವೂ ಮೀನು ಬೇಕು. ಹುಡುಗರು ತಂದ ಮೀನನ್ನು ಬೆಳಿಗ್ಗೆ ಹೊತ್ತು ಆರಿಸಿ, ತೊಳೆದು, ದೊಡ್ಡವನ್ನು ತುಂಡು ಮಾಡಿಕೊಡಲು ಒಬ್ಬರು ಬೇಕಿತ್ತು. ನಾನು ಮಾಡಿಕೊಡುತ್ತೇನೆ ಎಂದೆ. ಹೇಗೆ ಬಾಯಿಂದ ಬಂತೋ! ಮೀನಿನ ವಾಸನೆ ಎಂದರೆ ಮುಖ ತಿರುಗಿಸುತ್ತಿದ್ದವಳು. ಅತ್ತೆ ಕೇಳಿಸಿಕೊಂಡು ಏನೂ ಅನ್ನಲಿಲ್ಲ. ಮಾರನೇ ದಿನ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಮುದ್ದೆಗೆ ಎಸರು ಇಟ್ಟಿದ್ದರು.

ಆ ಮರಿ ಬದುಕಿತು. ಎಲ್ಲವೂ ಬದುಕುವುದಿಲ್ಲ, ಸುಳ್ಳು ಹೇಳಬಾರದು. ಅದೇ ಆವರಣದಲ್ಲಿ ಎರಡು ಸತ್ತವು. ಇದು ಮಾತ್ರ ಮೈತುಂಬ ಗರಿ ಬಂದು, ರೆಕ್ಕೆ ಬಡಿದು ಬಡಿದು ಅಭ್ಯಾಸ ಮಾಡಿ, ಒಂದು ದಿನ ಹಾರಿತು. ಬೆಳಿಗ್ಗೆ ಹತ್ತು ಗಂಟೆಯ ಮೇಲೆ ನೆಲ ಕಾಯುತ್ತಿದ್ದ ಹಾಗೆ ಬಿಸಿಗಾಳಿ ಏಳುತ್ತದಲ್ಲ, ಹೆಜ್ಜಾರ್ಲೆಗಳು ಆ ಗಾಳಿಯನ್ನು ಹಿಡಿದು, ರೆಕ್ಕೆ ಬಡಿಯದೆ ಸುತ್ತು ಹಾಕುತ್ತಾ ಹಾಕುತ್ತಾ ಮೇಲೆ ಹೋಗುತ್ತವೆ. ಅಷ್ಟು ಭಾರದ ಹಕ್ಕಿ ಗಾಳಿಪಟದ ಹಾಗೆ! ಯಾವುದು ನಮ್ಮದು ಎಂದು ಕೈ ಅಡ್ಡ ಹಿಡಿದು ನೋಡಿದೆ. ಗೊತ್ತಾಗಲಿಲ್ಲ.

ಆಮೇಲೆ ನಾನು ಬಳಗದವಳೇ ಆದೆ ಎನ್ನಬೇಕು. ಹುಡುಗರು ದುರ್ಬೀನು ಹಿಡಿದು ದಿನಕ್ಕೆ ಒಂದು ಹೊತ್ತು ನೋಡುತ್ತಾರೆ. ಹಿತ್ತಲಲ್ಲಿ ಪಾತ್ರೆ ತಿಕ್ಕುವವಳು ದಿನವಿಡೀ ನೋಡುತ್ತಾಳೆ. ಮೊದಲ ಕೊಕ್ಕರೆ ಯಾವ ದಿನ ಬಂತು, ಕಡ್ಡಿ ತರಲು ಶುರು ಮಾಡಿದ್ದು ಯಾವಾಗ, ಮರಿಯ ಸದ್ದು ಎಂದು ಕೇಳಿಸಿತು, ಎಲ್ಲ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಗುರುತು ಹಾಕುತ್ತಾ ಬಂದೆ. ಹುಡುಗರು ವರ್ಷದ ಕೊನೆಗೆ ಬಂದು ಆ ಕ್ಯಾಲೆಂಡರ್ ಕೇಳಿ ಒಯ್ಯುತ್ತಾರೆ. ಎಸ್.ಎಸ್.ಎಲ್.ಸಿ. ಓದಿದ ನನ್ನ ಅಕ್ಷರಕ್ಕೆ ಅಷ್ಟು ಬೆಲೆ ಬೇರೆಲ್ಲೂ ಸಿಕ್ಕಿಲ್ಲ. 2007ರಲ್ಲಿ ಸರ್ಕಾರ ಕೊಕ್ಕರೆ ಬೆಳ್ಳೂರನ್ನು ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿತು.

ಈಗ ಬರೆಯಲು ಸ್ವಲ್ಪ ಸಂಕೋಚವಾಗುವ ವಿಷಯ. ಮಾವ ತೀರಿಕೊಂಡ ಮೇಲೆ, 2011ರಲ್ಲಿ, ಮನೆ ಪಾಲಾಯಿತು. ಹುಣಸೆ ಮರ ಸರಿಯಾಗಿ ಗಡಿಯ ಮೇಲೆ ಬಂತು. ಮೈದುನ ಮರ ತೆಗೆಯಬೇಕು ಎಂದರು. ಅವರದೂ ತಪ್ಪು ಎನ್ನಲಾರೆ. ಮೂರು ಮಕ್ಕಳು, ಶೀಟಿನ ಮನೆ, ಬೇರು ಬಂದು ಗೋಡೆ ಬಿರುಕು ಬಿಟ್ಟಿತ್ತು. ತಾರಸಿ ಮನೆ ಕಟ್ಟಬೇಕೆಂದು ಸಾಲಕ್ಕೆ ಓಡಾಡುತ್ತಿದ್ದರು. ಬಳಗದ ಹುಡುಗರು ಬಂದು ಕೈಮುಗಿದರು. "ನಿಮ್ಮ ಮನೆ ಮುಂದೆ ನೆಟ್ಕೊಳ್ರಪ್ಪ" ಎಂದು ಕಳಿಸಿದರು. ನಮ್ಮ ಯಜಮಾನರು ಅಣ್ಣತಮ್ಮಂದಿರ ನಡುವೆ ಮರಕ್ಕಾಗಿ ಮಾತು ಬೇಡ ಎಂದು ಸುಮ್ಮನಾದರು. ನಾನು ಬಂದ ಸೊಸೆ, ನನಗೆ ಮಾತೆಲ್ಲಿ?

ಪತ್ರಕ್ಕೆ ಸಹಿ ಹಾಕುವ ದಿನ ನನ್ನ ನಾದಿನಿಯೂ ಬಂದಿದ್ದಳು. ನಿಜವಾದ ನಾದಿನಿ, ಮಳವಳ್ಳಿ ಕಡೆ ಕೊಟ್ಟವಳು. ತನಗೆ ಪಾಲು ಬೇಡ ಎಂಬ ಕಾಗದಕ್ಕೆ ಬೆಳಿಗ್ಗೆಯೇ ಹೆಬ್ಬೆಟ್ಟು ಒತ್ತಿ, ಕೈಗೆ ಕೊಟ್ಟ ಹೊಸ ಸೀರೆ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಅಳೆದದ್ದು, ಬರೆದದ್ದು ಎಲ್ಲ ಓದಿದರು. ಅಲ್ಲಿಯವರೆಗೆ ಗೋಡೆಗೊರಗಿ ಕುಳಿತಿದ್ದ ಅತ್ತೆ, "ಒಬ್ಳು ಸಹಿ ಹಾಕಿದ್ಲು. ಮರದ ಮೇಲಿನವು ಹಾಕಿಲ್ವಲ್ಲ. ಅವುಕ್ಕೆ ಏನು ಬರ್ದಿದ್ದೀರಿ ಓದಿ" ಎಂದರು.

ಯಾರೂ ನಗಲಿಲ್ಲ. ನಾದಿನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳು ಅತ್ತದ್ದು ಮರಕ್ಕಲ್ಲ ಎಂದು ಅಲ್ಲಿದ್ದ ಹೆಂಗಸರಿಗೆಲ್ಲ ಗೊತ್ತಿತ್ತು.

ಮರ ಪೂರ್ತಿ ಉಳಿಯಿತು ಎಂದು ಬರೆಯಲು ನನಗೂ ಆಸೆ. ಆದದ್ದು ಹಾಗಲ್ಲ. ಆ ಜುಲೈನಲ್ಲಿ, ಹಕ್ಕಿಗಳೆಲ್ಲ ಹೋದ ಮೇಲೆ, ಮೈದುನ ತಮ್ಮ ಕಡೆಯ ಎರಡು ದೊಡ್ಡ ಕೊಂಬೆಗಳನ್ನು ಇಳಿಸಿದರು, ಬುಡ ಬಿಟ್ಟರು. ಮನೆ ಎದ್ದಿತು. ಮುಂದಿನ ಡಿಸೆಂಬರಿನಲ್ಲಿ ಬಂದ ಹಕ್ಕಿಗಳು ಇಲ್ಲದ ಕೊಂಬೆಯ ಜಾಗದಲ್ಲಿ ಎರಡು ದಿನ ಸುತ್ತು ಹಾಕಿದವು. ಆಮೇಲೆ ಎಲ್ಲ ನಮ್ಮ ಕಡೆಗೇ ಒತ್ತಿಕೊಂಡು ಕಟ್ಟಿದವು. ಗೂಡಿಗೆ ಗೂಡು ತಾಗಿ ಒಂದೇ ಜಗಳ. ಅತ್ತೆ ಮೇಲೆ ನೋಡಿ, "ಹೊಂದ್ಕೊಂಡು ಹೋಗ್ರವ್ವ" ಎನ್ನುತ್ತಿದ್ದರು. ಮೈದುನನ ಮನೆಯ ಹೊಸ ತಾರಸಿ ಈಗ ಹಿಕ್ಕೆ ಬಿದ್ದು ಬೆಳ್ಳಗಾಗಿದೆ. ಅವರ ಹೆಂಡತಿ ನನ್ನ ಮೇಲೆ ಸಿಡುಕುತ್ತಾಳೆ, ನಾನೇ ಹೇಳಿ ಕಳಿಸಿದ ಹಾಗೆ.

ಅತ್ತೆ ಮುಪ್ಪಿನಲ್ಲಿ ಕಂಡ ದೊಡ್ಡ ಸಂಕಟವೆಂದರೆ 2017ರ ಕೊನೆಯಿಂದ 2018ರವರೆಗೆ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತದ್ದು. ಮರದ ಮೇಲೆ ಕುಳಿತದ್ದು ಕುಳಿತಲ್ಲೇ ವಾಲಿ ಬೀಳುತ್ತಿತ್ತು. ಡಾಕ್ಟರು ಕೊಯ್ದು ನೋಡಿ ಹೊಟ್ಟೆಯಲ್ಲಿ ಜಂತುಹುಳು ಎಂದರು. ತಿನ್ನುವ ಮೀನಿನಿಂದಲೇ ಬರುವಂಥದ್ದಂತೆ. ಕೆರೆ ಹೊಳೆಗಳಿಗೆ ನಾವು ಏನೆಲ್ಲ ಬಿಡುತ್ತೇವೆ ಎಂದು ಆಗ ಊರಲ್ಲೆಲ್ಲ ಅದೇ ಮಾತು. ಅತ್ತೆ ಆ ದಿನಗಳಲ್ಲಿ ಸರಿಯಾಗಿ ಊಟ ಮಾಡಲಿಲ್ಲ. "ತೌರಿಗೆ ಬಂದ ಮಗಳು ಸತ್ರೆ ಊರಿಗೆ ಒಳ್ಳೇದಲ್ಲ" ಎಂದು ಅದನ್ನೇ ಹೇಳುತ್ತಿದ್ದರು. 2019ರಲ್ಲಿ ಅವರೂ ಹೋದರು. ಹಕ್ಕಿಗಳಿಲ್ಲದ ಆಗಸ್ಟ್ ತಿಂಗಳು, ಮರ ಖಾಲಿ ಇತ್ತು.

ನೀವು ಯಾರಾದರೂ ನಮ್ಮೂರಿಗೆ ಬರುವುದಾದರೆ ಜನವರಿಯಿಂದ ಏಪ್ರಿಲ್ ಒಳಗೆ ಬನ್ನಿ. ಚಪ್ಪಾಳೆ ತಟ್ಟಿ ಹಕ್ಕಿ ಎಬ್ಬಿಸಬೇಡಿ. ಮರಿ ಬಿಟ್ಟು ತಾಯಿ ಎದ್ದರೆ ಬಿಸಿಲಿಗೆ ಮರಿ ಉಳಿಯುವುದಿಲ್ಲ. ಒಳ್ಳೇ ಸೀರೆ ಉಟ್ಟು ಬರಬೇಡಿ ಎಂದು ಬೇರೆ ಹೇಳಬೇಕಿಲ್ಲ.

2025ರ ಜನವರಿಯಲ್ಲಿ ನನ್ನ ಮಗಳು ಹೆರಿಗೆಗೆ ಬಂದಳು. ಮಂಡ್ಯದ ಆಸ್ಪತ್ರೆಯಲ್ಲಿ ಹೆತ್ತು, ಅದೇ ಕೋಣೆಗೆ, ಅದೇ ಕಿಟಕಿಯ ಪಕ್ಕ ಬಂದು ಮಲಗಿದಳು. ಹುಟ್ಟಿದ ಊರೇ ಆದರೂ ಎರಡು ವರ್ಷ ಬೆಂಗಳೂರಿನಲ್ಲಿ ಇದ್ದು ಮೂಗು ಸೂಕ್ಷ್ಮವಾಗಿದೆ. "ಅಮ್ಮ, ಕಿಟಕಿ ಹಾಕು, ವಾಸನೆ. ಮಗು ನಿದ್ದೆ ಮಾಡಲ್ಲ ಈ ಗಲಾಟೇಲಿ" ಎಂದು ದಿನವೂ ರಗಳೆ. ನಾನು ಕಿಟಕಿ ಅರ್ಧ ಹಾಕುತ್ತಿದ್ದೆ. ಬಾಣಂತಿಗೆ ಮೆಣಸು, ಬೆಳ್ಳುಳ್ಳಿ ಅರೆದು ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ. ಹುಣಸೆ ಹುಳಿ ಕೊಡುವಂತಿಲ್ಲ. ಆ ಎರಡು ತಿಂಗಳು ಸಂತೆಯಲ್ಲಿ ಹುಣಸೆ ಹಣ್ಣಿನ ಖರ್ಚು ಉಳಿಯಿತು.

ಹದಿನೈದನೇ ದಿನವೋ ಏನೋ, ಮಧ್ಯಾಹ್ನ ಕೋಣೆಗೆ ಹೋದರೆ ಕಿಟಕಿ ಪೂರ್ತಿ ತೆರೆದಿತ್ತು. ಮಗಳು ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಹೊರಗೆ ನೋಡುತ್ತಿದ್ದಳು. "ಅಮ್ಮ, ಆ ಕೊಕ್ಕರೆ ಬೆಳಿಗ್ಗೆಯಿಂದ ರೆಕ್ಕೆ ಬಿಚ್ಚಿಕೊಂಡು ನಿಂತಿದೆ. ಅದರ ಗಂಡ ಇನ್ನೂ ಬಂದಿಲ್ಲ" ಎಂದಳು.

ಆಗಲೇ ಬಳಗದ ಹುಡುಗನೊಬ್ಬ ನೋಟ್ ಪುಸ್ತಕ ಹಿಡಿದು ಬಾಗಿಲಿಗೆ ಬಂದ. 2003ರಲ್ಲಿ ಮರಿ ಎತ್ತಿದವರ ಪೈಕಿ ಒಬ್ಬನ ಮಗ. "ಅಜ್ಜಿ, ನಿಮ್ಮ ಮರದ್ದು ಎಷ್ಟಾಯ್ತು?" ಅಜ್ಜಿ ಎಂದು ನನ್ನನ್ನು ಅವನೇ ಮೊದಲು ಕರೆದದ್ದು. ಹಿತ್ತಲಿಗೆ ಹೋಗಿ, ಬಿಸಿಲಿಗೆ ಕೈ ಅಡ್ಡ ಹಿಡಿದು, ಕೆಳಗಿನ ಕೊಂಬೆಯಿಂದ ಎಣಿಸುತ್ತಾ ಬಂದೆ. ಹನ್ನೊಂದಕ್ಕೆ ಬರುವಾಗ ಒಳಗೆ ಮಗು ಅತ್ತಿತು, ಲೆಕ್ಕ ತಪ್ಪಿತು. ಹುಡುಗ ಪೆನ್ಸಿಲ್ ಹಿಡಿದು ಕಾಯುತ್ತಿದ್ದ. ಮತ್ತೆ ಕೆಳಗಿನಿಂದ ಶುರು ಮಾಡಿದೆ.